ಸೊಪ್ಪು ಮೊಳದುದ್ದ, ಗೆಡ್ಡೆ ಪೆನ್ಸಿಲ್ ದಪ್ಪ

ಕೈತೋಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೀಟ್‌ರೂಟ್, ಕ್ಯಾರೆಟ್, ಮೂಲಂಗಿಯವು. ಒಂದೇ ತೊಂದರೆಯನ್ನು ಹಲವರು ಬರೆದಿದ್ದರೆ ವಿವರ ಹೆಚ್ಚು ಕೊಟ್ಟವರ ಪ್ರಶ್ನೆಯನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ತಾರಸಿಯಲ್ಲಿ 12 ಅಂಗುಲ ಅಗಲದ ಗ್ರೋ ಬ್ಯಾಗಿನಲ್ಲಿ 8 ಬೀಟ್‌ರೂಟ್ ಬೀಜ ಹಾಕಿದೆ. 20ಕ್ಕೂ ಹೆಚ್ಚು ಸಸಿ ಬಂದವು! ವಾರಕ್ಕೊಮ್ಮೆ ಸಗಣಿ ನೀರು ಕೊಡುತ್ತಿದ್ದೇನೆ. 75 ದಿನವಾಯಿತು, ಎಲೆ ಮೊಳದುದ್ದ ಇದೆ, ಕಿತ್ತು ನೋಡಿದರೆ ಗೆಡ್ಡೆ ಪೆನ್ಸಿಲ್‌ನಷ್ಟು. ಬೀಜವೇ ಕಳಪೆಯೇ?
— ಯಲಹಂಕ, ಬೆಂಗಳೂರು

ಬೀಜವನ್ನು ದೂರಬೇಡಿ. ಅದು ಚೆನ್ನಾಗಿ ಮೊಳೆತದ್ದೇ ಇಲ್ಲಿ ತೊಡಕಾಗಿದೆ. ನಾವು ಬೀಟ್‌ರೂಟ್ ಬೀಜ ಎಂದು ಕರೆಯುವ ಆ ಗರಗರ ಉಂಡೆ ಒಂದು ಬೀಜವಲ್ಲ, ಅಂಟಿಕೊಂಡ ಕಾಯಿಗಳ ಗೊಂಚಲು. ಒಂದೊಂದರಲ್ಲೂ ಎರಡರಿಂದ ನಾಲ್ಕು ಬೀಜ ಇರುತ್ತವೆ. 8 ಉಂಡೆಗೆ 20 ಸಸಿ ಬಂದದ್ದು ಸರಿಯಾದ ಲೆಕ್ಕವೇ. ನಿಮ್ಮ ಚೀಲದಲ್ಲಿ ಗೆಡ್ಡೆ ಕಟ್ಟಲು ಜಾಗ ಇರುವುದು 4 ಗಿಡಕ್ಕೆ, ಹೆಚ್ಚೆಂದರೆ 5ಕ್ಕೆ. ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಬೇಕೇ ಬೇಕು.

ಎರಡನೆಯ ಕಾರಣ ಸಗಣಿ ನೀರು. ಪ್ರತಿ ವಾರ ಸಾರಜನಕ ಸಿಕ್ಕಿದರೆ ಗಿಡ ಎಲೆಯಲ್ಲೇ ಉಳಿಯುತ್ತದೆ. ನಮ್ಮ ಪೇಟೆಯಲ್ಲಿ ಸಿಗುವ ಪಾಲಕ್ ಸೊಪ್ಪು ಬಹುಪಾಲು ಬೀಟ್‌ರೂಟಿನದೇ ಜಾತಿ, ಗೆಡ್ಡೆ ಕಟ್ಟದ ತಂಗಿ. ಅತಿಯಾಗಿ ಉಣಿಸಿದರೆ ಅಕ್ಕನೂ ತಂಗಿಯ ದಾರಿ ಹಿಡಿಯುತ್ತಾಳೆ.

ಮೂರನೆಯದು ಬಿಸಿಲು, ಅದನ್ನು ನೀವು ಬರೆದಿಲ್ಲ. ಎಲೆ ನೋಡಿ ತಿಳಿಯಬಹುದು. ತೊಟ್ಟು ಸಪೂರವಾಗಿ ಉದ್ದವಾಗಿ ಒಂದೇ ಕಡೆಗೆ ವಾಲಿದ್ದರೆ ನೆರಳು ಹೆಚ್ಚು. ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೀಳುವಲ್ಲಿಗೆ ಚೀಲ ಸರಿಸಿ. ಎಲೆ ಅಗಲವಾಗಿ ಕಡುಹಸಿರಾಗಿ ಸೊಕ್ಕಿದ್ದರೆ ಗೊಬ್ಬರ ಹೆಚ್ಚು. ಒಂದೇ ಬಿಂದುವಿನಿಂದ ಮೂರು ನಾಲ್ಕು ಗಿಡ ಎದ್ದಿದ್ದರೆ ಇಕ್ಕಟ್ಟು.

75 ದಿನಕ್ಕೆ ಪೆನ್ಸಿಲ್ ದಪ್ಪವಿದ್ದರೆ ಈ ಚೀಲದಿಂದ ಗೆಡ್ಡೆಯ ಆಸೆ ಬಿಡಿ; ಎಲೆ ಕೊಯ್ದು ಪಲ್ಯ ಮಾಡಿ, ಹೊಸದಾಗಿ ಬಿತ್ತಿ. 40 ದಿನದ ಒಳಗಿನ ಗಿಡಗಳನ್ನಾದರೆ ಉಳಿಸಿಕೊಳ್ಳಬಹುದು: ದಪ್ಪ ಬುಡದ 4 ಗಿಡ ಇಟ್ಟು ಉಳಿದವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಪಕ್ಕದ ಗಿಡದ ಬೇರೂ ಅಲುಗುತ್ತದೆ.

ಮುಂದಿನ ಬಿತ್ತನೆ ಹೀಗಿರಲಿ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಮಪಾಲು. ಚೀಲದಲ್ಲಿ ಮಣ್ಣಿನ ಆಳ ಕನಿಷ್ಠ 25 ಸೆಂ.ಮೀ. ಬೀಜವನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ, ಮೊಳಕೆ ತಡೆಯುವ ಅಂಶ ಸಿಪ್ಪೆಯಿಂದ ಅದರಲ್ಲಿ ಬಿಟ್ಟುಕೊಂಡಿರುತ್ತದೆ. (ಬಣ್ಣದ ಔಷಧಿ ಲೇಪಿಸಿದ ಬೀಜವಾದರೆ ನೆನೆಸಬೇಡಿ, ಲೇಪ ತೊಳೆದು ಹೋಗುತ್ತದೆ.) 2 ಸೆಂ.ಮೀ. ಆಳಕ್ಕೆ 5 ಕಡೆ ಒಂದೊಂದು ಉಂಡೆ ಸಾಕು. ನಿಜವಾದ ಎಲೆ (ಮೊಳಕೆಯ ಮೊದಲ ಜೋಡಿಯ ನಂತರ ಬರುವವು) ಎರಡು ಬಿಟ್ಟ ಕೂಡಲೇ ಒಂದೊಂದು ಕಡೆ ಒಂದೇ ಸಸಿ ಉಳಿಸಿ. ಈ ಕೆಲಸಕ್ಕೆ ಕೈ ಬಾರದೆ ಬಿಟ್ಟವರೇ ಹೆಚ್ಚು. ಗೆಡ್ಡೆ ತರಕಾರಿಯ ಗೆಲುವು ಸೋಲು ಮೊದಲ ಮೂರು ವಾರದಲ್ಲೇ ನಿಂತುಬಿಡುತ್ತದೆ, ನಮಗೆ ಗೊತ್ತಾಗುವುದು ಕಿತ್ತಾಗ. ಬಿತ್ತುವಾಗ ಹಾಕಿದ ಗೊಬ್ಬರವಲ್ಲದೆ 30ನೆಯ ದಿನ ಚೀಲಕ್ಕೆ ಎರಡು ಹಿಡಿ ಎರೆಗೊಬ್ಬರ ಕೊಡಿ, ಆಮೇಲೆ ಬರಿ ನೀರು.

ಪ್ರಶ್ನೆ: ಬೀಟ್‌ರೂಟ್ ಗಾತ್ರ ಚೆನ್ನಾಗಿದೆ. ಹೆಚ್ಚಿದರೆ ಒಳಗೆ ಕಪ್ಪು ಕಲೆ, ಆ ಜಾಗ ಬೆಂಡಿನ ಹಾಗೆ ಗಟ್ಟಿ. ಕೆಲವು ಗಿಡಗಳ ಸುಳಿಯೆಲೆಯೂ ಕರಿಕಾಗಿ ಸತ್ತಿದೆ. ಹುಳಿ ಮಣ್ಣೆಂದು ಸುಣ್ಣ, ಒಲೆಬೂದಿ ಎರಡನ್ನೂ ಧಾರಾಳ ಹಾಕಿದ್ದೆವು.
— ಸಾಗರ

ಇದು ರೋಗವಲ್ಲ, ಬೋರಾನ್ ಕೊರತೆ. ಸುಳಿ ಸಾಯುವುದು, ಗೆಡ್ಡೆಯೊಳಗೆ ಕಪ್ಪು ಬೆಂಡು, ಎರಡೂ ಒಟ್ಟಿಗೆ ಕಂಡರೆ ಹೆಚ್ಚು ಯೋಚಿಸಬೇಕಿಲ್ಲ. ಮಲೆನಾಡಿನ ಮಳೆಗೆ ಬೋರಾನ್ ಸುಲಭವಾಗಿ ಬಸಿದು ಹೋಗುತ್ತದೆ. ಅದರ ಮೇಲೆ ಸುಣ್ಣ ಬೂದಿ ಮಿತಿಮೀರಿದರೆ ಮಣ್ಣಲ್ಲಿ ಉಳಿದಿರುವ ಅಷ್ಟಿಷ್ಟೂ ಬೇರಿಗೆ ದಕ್ಕುವುದಿಲ್ಲ. ಬೀಟ್‌ರೂಟಿಗೆ ಮಣ್ಣಿನ ರಸಸಾರ (pH) 6ರಿಂದ 7ರ ನಡುವೆ ಇದ್ದರೆ ಸಾಕು, ನೀವು ಅದನ್ನು ದಾಟಿಸಿರುವಂತಿದೆ. ಈ ವರ್ಷ ಸುಣ್ಣವನ್ನೂ ಬೂದಿಯನ್ನೂ ನಿಲ್ಲಿಸಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸುವಾಗ ರಸಸಾರದ ಜೊತೆ ಬೋರಾನ್‌ನಂಥ ಲಘು ಪೋಷಕಾಂಶಗಳನ್ನೂ ನೋಡಲು ಹೇಳಿ.

ಮದ್ದು ಬೋರಾಕ್ಸ್, ಅಂದರೆ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರ. ಬಿತ್ತುವ ಮುಂಚೆ ಚದರ ಮೀಟರಿಗೆ 1 ಗ್ರಾಂ ಮಾತ್ರ. ಇಷ್ಟು ಸಣ್ಣ ತೂಕ ಸಮನಾಗಿ ಹರಡದು, ಆದ್ದರಿಂದ 1 ಗ್ರಾಂ ಅನ್ನು 10 ಲೀಟರ್ ನೀರಿನಲ್ಲಿ ಕರಗಿಸಿ ಆ ಒಂದು ಚದರ ಮೀಟರಿಗೆ ಹನಿಸಿ. 12 ಅಂಗುಲದ ಚೀಲಕ್ಕೆ ಇದೇ ನೀರು ಮುಕ್ಕಾಲು ಲೀಟರ್ ಸಾಕು. ಈಗ ಬೆಳೆ ನಿಂತಿದ್ದರೆ ಅಂಗಡಿಯಲ್ಲಿ ಸಿಗುವ 20% ಬೋರಾನ್ ಪುಡಿಯನ್ನು ಲೀಟರಿಗೆ 1 ಗ್ರಾಂನಂತೆ ಸಂಜೆ ಎಲೆಗೆ ಸಿಂಪಡಿಸಿ, 15 ದಿನ ಬಿಟ್ಟು ಇನ್ನೊಮ್ಮೆ. ಕಪ್ಪಾದ ಗೆಡ್ಡೆ ಸರಿಹೋಗದು, ಎಳೆಯವು ಉಳಿಯುತ್ತವೆ. ಚಮಚದ ಲೆಕ್ಕ ಬೇಡ: ಬೋರಾನ್ ಹೆಚ್ಚಾದರೆ ಎಲೆಯಂಚು ಸುಡುತ್ತದೆ, ಅದೇ ಮಡಿಯಲ್ಲಿ ಮುಂದೆ ಹಾಕುವ ಹುರುಳಿಕಾಯಿಗೆ ಅದು ಬೇಗ ತಾಗುತ್ತದೆ.

ಪ್ರಶ್ನೆ: ನಮ್ಮದು ಎರೆಭೂಮಿ (ಕಪ್ಪು ಮಣ್ಣು). ಗಜ್ಜರಿ (ಕ್ಯಾರೆಟ್) ಬೀಜ ಹಾಕಿ 12 ದಿನ ಆದ್ರೂ ಮೊಳಕೆ ಇಲ್ಲ. ಹೋದ ವರ್ಷ ಬಂದವೂ ಎರಡು ಕಾಲು, ಮೂರು ಕಾಲು.
— ಧಾರವಾಡ

12 ದಿನಕ್ಕೆ ಕೈಬಿಡಬೇಡಿ, ಗಜ್ಜರಿ 10ರಿಂದ 20 ದಿನ ತೆಗೆದುಕೊಳ್ಳುತ್ತದೆ. ಆದರೆ ಎರೆಮಣ್ಣು ಈ ನಡುವೆ ಒಮ್ಮೆ ಒಣಗಿ ಮೇಲ್ಪದರ ಹೆಪ್ಪುಗಟ್ಟಿದ್ದರೆ ಕೂದಲಿನಷ್ಟು ತೆಳುವಾದ ಮೊಳಕೆ ಅದನ್ನು ಒಡೆದು ಬರಲಾರದು. ಬೀಜದ ವಯಸ್ಸನ್ನೂ ನೋಡಿ: ಎರಡು ವರ್ಷ ಹಳೆಯ ಗಜ್ಜರಿ ಬೀಜದ ಮೇಲೆ ನಂಬಿಕೆ ಇಡಬಾರದು.

ಎರಡೂ ತೊಂದರೆಗೆ ಒಂದೇ ಉಪಾಯ, ಗಜ್ಜರಿ ಬೆಳೆಯುವ ಸಾಲಿನ ಮಣ್ಣನ್ನೇ ಬದಲಿಸುವುದು. ಏರುಮಡಿ ಮಾಡಿ, ಅದರಲ್ಲಿ 15 ಸೆಂ.ಮೀ. ಅಗಲ, 25 ಸೆಂ.ಮೀ. ಆಳದ ಕಾಲುವೆ ತೋಡಿ. ತೆಗೆದ ಮಣ್ಣನ್ನು ಜರಡಿ ಹಿಡಿದು ಅದಕ್ಕೆ ಸಮ ಮರಳು, ಸಮ ಹಳೆಯ ಗೊಬ್ಬರ ಬೆರೆಸಿ ತುಂಬಿ. ಗೊಬ್ಬರ ಆರು ತಿಂಗಳಾದರೂ ಕಳಿತಿರಬೇಕು. ಹಸಿ ಸಗಣಿಯ ಗಂಟು, ಕಲ್ಲು, ಹೆಂಟೆ ಅಡ್ಡ ಬಂದಲ್ಲಿ ತಾಯಿಬೇರಿನ ತುದಿ ಸಾಯುತ್ತದೆ, ಪಕ್ಕದ ಬೇರುಗಳು ದಪ್ಪವಾಗಿ ನಿಮ್ಮ ಮೂರು ಕಾಲು ಆಗುತ್ತವೆ. ಟ್ರೇಯಲ್ಲಿ ಸಸಿ ಮಾಡಿ ನಾಟಿ ಮಾಡಿದರೂ ಇದೇ ಗತಿ. ಬೀಟ್‌ರೂಟ್ ನಾಟಿ ತಡೆಯುತ್ತದೆ, ಗಜ್ಜರಿ ಮೂಲಂಗಿ ತಡೆಯುವುದಿಲ್ಲ.

ಬೀಜವನ್ನು ಅಂಗೈಯಲ್ಲಿ ಉಜ್ಜಿ ಮುಳ್ಳು ಉದುರಿಸಿ, ನಾಲ್ಕು ಪಾಲು ನಯ ಮರಳಿನ ಜೊತೆ ಕಲಸಿ, 1 ಸೆಂ.ಮೀ.ಗಿಂತ ಆಳಕ್ಕೆ ಇಳಿಯದಂತೆ ಬಿತ್ತಿ. ಮೇಲೆ ಎರೆಮಣ್ಣಲ್ಲ, ಎರೆಗೊಬ್ಬರದ ಪುಡಿ ಉದುರಿಸಿ. ಒದ್ದೆ ಗೋಣಿತಾಟು ಹೊದಿಸಿ. ಆರನೇ ದಿನದಿಂದ ದಿನಾ ಎತ್ತಿ ನೋಡಿ. ಒಂದೇ ಒಂದು ಮೊಳಕೆ ಕಂಡರೂ ತಾಟು ತೆಗೆಯಬೇಕು, ಮರೆತರೆ ಬೆಳ್ಳಗೆ ಸೊಣಕಲಾಗಿ ಬೀಳುತ್ತವೆ. ಸಾಲಿನಲ್ಲಿ ಗೇಣಿಗೊಂದು ಮೂಲಂಗಿ ಬೀಜ ಹಾಕಿ: ಅದು ನಾಲ್ಕೈದು ದಿನಕ್ಕೇ ಎದ್ದು ಹೆಪ್ಪು ಒಡೆಯುತ್ತದೆ, ಸಾಲನ್ನೂ ತೋರಿಸುತ್ತದೆ, ಗಜ್ಜರಿಗೆ ಜಾಗ ಬೇಕಾಗುವ ಹೊತ್ತಿಗೆ ನಿಮ್ಮ ಸಾರಿಗೆ ಸೇರಿರುತ್ತದೆ. ಮೊಳೆತ ಮೂರು ವಾರಕ್ಕೆ 5 ಸೆಂ.ಮೀ.ಗೊಂದು ಗಿಡ ಉಳಿಸಿ. ತಳಿ ಕುರೋಡಾ ಬಗೆಯ ಗಿಡ್ಡ ಗಜ್ಜರಿ ಇರಲಿ. ಉದ್ದ ಜಾತಿ ನಿಮ್ಮ ಮಣ್ಣಿಗಲ್ಲ.

ಒಂದು ಸಂಶಯ ಪರಿಹರಿಸಿಕೊಳ್ಳಿ. ಕವಲಿನ ಜೊತೆ ಸಣ್ಣ ಬೇರುಗಳಲ್ಲಿ ಮಣಿ ಪೋಣಿಸಿದಂತೆ ಗಂಟು ಇದ್ದರೆ ಅದು ಬೇರುಗಂಟು ಜಂತುಹುಳು. ಆಗ ಆ ಮಡಿಯಲ್ಲಿ ಒಂದು ಬೆಳೆ ಚೆಂಡುಹೂ ತೆಗೆದು, ಬಿತ್ತನೆಗೆ 15 ದಿನ ಮೊದಲು ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ. ಟೊಮೇಟೊ, ಬದನೆ, ಬೆಂಡೆ ಬೆಳೆದ ಮಡಿಗೆ ಗಜ್ಜರಿ ಹಾಕಬೇಡಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ಬಿತ್ತಿದ ಮೂಲಂಗಿ ಒಳಗೆಲ್ಲ ಬೆಂಡು, ಖಾರವೋ ಖಾರ. ಕೆಲವು ಹೂವಿಗೆ ಬಂದವು.
— ತುಮಕೂರು

ಚಳಿಗಾಲದ ತಳಿಯನ್ನು ಬೇಸಿಗೆಯಲ್ಲಿ ಹಾಕಿದ್ದೀರಿ. ಬೇಸಿಗೆಗೆ ಪೂಸಾ ಚೇತಕಿ ಸರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ಬೇಗ ಬೆಂಡಾಗದ ತಳಿ. ಆದರೂ ಬಿಸಿಲಲ್ಲಿ ಮಣ್ಣು ಎರಡು ದಿನ ಒಣಗಿದರೆ ಯಾವ ತಳಿಯೂ ಖಾರವೇ. ಪೂಸಾ ಚೇತಕಿಯಾದರೆ 40–45 ದಿನಕ್ಕೆ ಕೀಳಿ, ಇನ್ನಷ್ಟು ದಪ್ಪವಾಗಲಿ ಎಂದು ಕಾದರೆ ಬೆಂಡು. ಕೀಳದೆ ತಿಳಿಯಬೇಕೆಂದರೆ ಹೊರಗಿನ ಹಳೆಯ ಎಲೆಯ ತೊಟ್ಟನ್ನು ಬುಡದ ಹತ್ತಿರ ಅಡ್ಡ ಕತ್ತರಿಸಿ ನೋಡಿ. ಅದರ ನಡು ಪೊಳ್ಳಾಗಿದ್ದರೆ ಗೆಡ್ಡೆಯೂ ಬೆಂಡಾಗಿರುವುದೇ ಹೆಚ್ಚು. ಹೂವಿಗೆ ಬಂದವನ್ನು ಬಿಡಿ, ಎಳೆ ಕಾಯಿಯ ಪಲ್ಯ ಚೆನ್ನಾಗಿರುತ್ತದೆ.

ಪ್ರಶ್ನೆ: ಬೀಟ್‌ರೂಟ್ ಎಲೆಯಲ್ಲಿ ದುಂಡು ಚುಕ್ಕೆ, ನಡುವೆ ಬೂದು, ಅಂಚು ಕೆಂಪು. ಔಷಧಿ ಹೊಡೆಯಲೇ?
— ಮೈಸೂರು

ಬೇಡ, ಎಲೆಯನ್ನೂ ತಿನ್ನುತ್ತೀರಲ್ಲ. ಇದು ಶಿಲೀಂಧ್ರದ ಎಲೆಚುಕ್ಕೆ. ಚುಕ್ಕೆ ಬಂದ ಹೊರ ಎಲೆಗಳನ್ನು ಕಿತ್ತು ದೂರ ಹಾಕಿ, ಕಾಂಪೋಸ್ಟ್ ಗುಂಡಿಗಲ್ಲ. ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕಿ. ಹತ್ತು ಎಲೆಯಲ್ಲಿ ಎರಡು ಮೂರು ಹೋದರೆ ಗೆಡ್ಡೆಗೆ ನಷ್ಟವಿಲ್ಲ. ಪಾಲಕ್ ಬೆಳೆದ ಮಡಿಗೆ ಮಾತ್ರ ಮುಂದಿನ ಎರಡು ವರ್ಷ ಬೀಟ್‌ರೂಟ್ ಹಾಕಬೇಡಿ, ರೋಗ ಒಂದೇ.

ಪ್ರಶ್ನೆ: ಹೆಚ್ಚಿದಾಗ ಬಿಳಿ ಉಂಗುರ ಕಾಣುತ್ತದೆ, ಬೇಯಿಸಿದರೆ ಬಣ್ಣವೆಲ್ಲ ನೀರಿಗೆ ಹೋಗುತ್ತದೆ.
— ಬಳ್ಳಾರಿ

ಉಂಗುರ ಬಿಸಿಲಿನ ಗುರುತು, ತಿನ್ನಲು ಅಡ್ಡಿಯಿಲ್ಲ. ನಿಮ್ಮ ಊರಿಗೆ ಅಕ್ಟೋಬರ್‌ನಲ್ಲಿ ಬಿತ್ತಿ ಫೆಬ್ರವರಿಯೊಳಗೆ ಮುಗಿಸಬೇಕು. ಬಣ್ಣ ಹೋಗುವುದು ಕತ್ತರಿಸುವ ರೀತಿಯಿಂದ: ಸೊಪ್ಪನ್ನು ಒಂದು ಅಂಗುಲ ತೊಟ್ಟು ಉಳಿಯುವಂತೆ ಕತ್ತರಿಸಿ, ಬಾಲ ಹಾಗೇ ಬಿಡಿ, ಸಿಪ್ಪೆ ಬೆಂದ ಮೇಲೆ ಸುಲಿಯಿರಿ.