ಮೈಕಿಲ್ಲದ ಹಜಾರದಲ್ಲಿ ಮೊದಲ ಕಛೇರಿ

ಪ್ರಶ್ನೆ: ಅಮ್ಮಾ, ನನಗೆ 23 ವರ್ಷ, ಶಿವಮೊಗ್ಗದವಳು. ಹನ್ನೆರಡು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಪರಿಚಯದವರ ಮನೆಯ ಹಜಾರದಲ್ಲಿ ಒಂದೂವರೆ ಗಂಟೆ ಹಾಡಲು ಕರೆದಿದ್ದಾರೆ. ಪಿಟೀಲು, ಮೃದಂಗ ಇರುತ್ತವೆ, ಮೈಕ್ ಇಲ್ಲ. ನಲವತ್ತು ಜನ ಬರಬಹುದು. ಹನ್ನೊಂದು ಕೃತಿಗಳ ಪಟ್ಟಿ ಮಾಡಿದ್ದೇನೆ. ತೋಡಿ, ಖರಹರಪ್ರಿಯ, ಭೈರವಿ ಮೂರು ರಾಗಗಳನ್ನೂ ವಿಸ್ತಾರವಾಗಿ ಹಾಡುವ ಆಸೆ. ದನಿ ಹಿಂದಿನವರೆಗೆ ಕೇಳಿಸುತ್ತದೋ ಇಲ್ಲವೋ ಎಂಬ ಭಯ.

ಉತ್ತರ: ನನ್ನ ಮೊಮ್ಮಗಳ ವಯಸ್ಸು ನಿನಗೆ. ‘ನೀನು’ ಅಂತಲೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮೊದಲು ಆ ಪಟ್ಟಿ ಹರಿದು ಹಾಕು. ಹನ್ನೊಂದು ಕೃತಿ ಒಂದೂವರೆ ಗಂಟೆಗೆ ಹಿಡಿಸುವುದಿಲ್ಲ. ಹಿಡಿಸಿದರೂ ಓಟವಾಗುತ್ತದೆ, ಹಾಡಾಗುವುದಿಲ್ಲ. ಇನ್ನು ನಿನ್ನ ಮೂರು ದೊಡ್ಡ ರಾಗಗಳು. ಮೂರರಲ್ಲೂ ಅದೇ ‘ಗ’, ಸಾಧಾರಣ ಗಾಂಧಾರ. ಮೂರರಲ್ಲೂ ಅದೇ ‘ನಿ’, ಕೈಶಿಕಿ ನಿಷಾದ. ಒಂದರ ಮೇಲೊಂದು ಹಾಡಿದರೆ ಕೇಳುವವರ ಕಿವಿ ಒಂದೇ ಬಣ್ಣದಲ್ಲಿ ನೆನೆದು ಹೋಗುತ್ತದೆ. ಖರಹರಪ್ರಿಯ ಒಂದನ್ನೇ ಇಟ್ಟುಕೋ. ಅದಕ್ಕೆ ಮುಂಚೆ ಕಲ್ಯಾಣಿ ಹಾಡು. ಅದರ ‘ಗ’, ‘ಮ’, ‘ನಿ’ ಮೂರೂ ಇನ್ನೂ ಮೇಲಿನವು. ಅಂತರ ಗಾಂಧಾರ, ಪ್ರತಿ ಮಧ್ಯಮ, ಕಾಕಲಿ ನಿಷಾದ ಕೇಳಿದ ಕಿವಿಗೆ ಆಮೇಲೆ ಬರುವ ಖರಹರಪ್ರಿಯ ಹೊಸದಾಗಿ ಕಾಣುತ್ತದೆ. ತೋಡಿಗೇನು, ಇನ್ನೊಂದು ಕಛೇರಿ ಬರುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಶುರುವಿಗೆ ಗಂಟಲು ಪಳಗಿಸುವ ವರ್ಣ, ಆರು ನಿಮಿಷ. ಗಣಪತಿಯ ಮೇಲೊಂದು ಕೃತಿ, ನಾಲ್ಕು ಸುತ್ತು ಸ್ವರದೊಂದಿಗೆ. ಕಲ್ಯಾಣಿಯಲ್ಲಿ ನಿಧಾನದ್ದೊಂದು, ರೂಪಕ ತಾಳದಲ್ಲಿದ್ದರೆ ಒಳ್ಳೆಯದು. ಚುರುಕಾದದ್ದೊಂದು. ಆಮೇಲೆ ಖರಹರಪ್ರಿಯಕ್ಕೆ ಮುಕ್ಕಾಲು ಗಂಟೆ. ತ್ಯಾಗರಾಜರ ‘ಪಕ್ಕಲ ನಿಲಬಡಿ’ ಪಾಠವಾಗಿದ್ದರೆ ಅದೇ ಸಾಕು. ತಾಳ ಏಳೆಣಿಕೆಯ ಮಿಶ್ರ ಛಾಪು. ‘ಮನಸುನ ದಲಚಿ’ ಸಾಲಿನಲ್ಲಿ ನೆರವಲ್‌ಗೆ, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಹಾಡಿ ಬೆಳೆಸುವುದಕ್ಕೆ, ಎಷ್ಟು ಜಾಗ! ಆ ಮುಕ್ಕಾಲು ಗಂಟೆ ಪೂರ್ತಿ ನಿನ್ನದಲ್ಲ. ನೀನು ಹತ್ತು ನಿಮಿಷ ಆಲಾಪನೆ ಮಾಡಿದರೆ ಪಿಟೀಲಿನವರಿಗೆ ಐದಾರು ನಿಮಿಷ ಬಿಡು. ಮೃದಂಗದವರೊಬ್ಬರೇ ನುಡಿಸುವ ತನಿ ಆವರ್ತನಕ್ಕೆ ಹತ್ತು ನಿಮಿಷ. ಕೊನೆಗೆ ಒಂದು ದೇವರನಾಮ, ಮಂಗಳ.

ಈಗ ಭಯದ ಮಾತು. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿದ್ದು ಗೊತ್ತಲ್ವಾ? ಮೈಕಿಲ್ಲದ ಕಾಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ನಾದ ಮುಟ್ಟಲಿ ಅಂತ. ನಿನಗೆ ಆ ಪಾಡಿಲ್ಲ. ನಲವತ್ತು ಜನರ ಹಜಾರದಲ್ಲಿ ನೀನು ಉಸಿರೆಳೆದರೂ ಕೇಳಿಸುತ್ತದೆ. ಕಷ್ಟ ಇರುವುದೇ ಅಲ್ಲಿ. ದನಿ ಸಾಲದು ಅಂತ ಹೆದರಿ ಕೂಗಿದರೆ ಸ್ವರಗಳನ್ನು ತೂಗಿಸುವ ಗಮಕಗಳೆಲ್ಲ ಚಪ್ಪಟೆಯಾಗುತ್ತವೆ. ಮನೆಯಲ್ಲಿ ತಂಬೂರಿ ಹಿಡಿದು ಸಾಧನೆ ಮಾಡುವಾಗ ಎಷ್ಟು ದನಿ ಬಿಡುತ್ತೀಯೋ ಅಷ್ಟೇ ಬಿಡು. ಮೃದಂಗದವರಿಗೆ ‘ಸ್ವಲ್ಪ ಮೆತ್ತಗೆ’ ಅಂತ ಮೊದಲೇ, ನಗುತ್ತಾ ಹೇಳಿಬಿಡು. ಹಾಡು ಶುರುವಾದ ಮೇಲೆ ಕೈಸನ್ನೆ ಮಾಡಿದರೆ ಯಾರಿಗಾದರೂ ಮುಜುಗರ. ಫ್ಯಾನ್ ಆರಿಸುವುದನ್ನೂ ಮರೆಯಬೇಡ. ಗಂಟಲು ಒಣಗಿಸುವುದು ಅದೇ.

ನಿನ್ನ ಶ್ರುತಿಯನ್ನು, ಅಂದರೆ ನಿನ್ನ ‘ಸ’ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು, ವಾದ್ಯದವರಿಗೆ ಒಂದು ವಾರ ಮುಂಚೆ ತಿಳಿಸು. ನಾನು ಇದರಲ್ಲಿ ಪೆಟ್ಟು ತಿಂದವಳು. ಇಪ್ಪತ್ತೈದರ ವಯಸ್ಸಿನಲ್ಲಿ, ಹೀಗೇ ಒಂದು ಮನೆಯಲ್ಲಿ. ನನ್ನ ಶ್ರುತಿ ಐದೂವರೆ ಅಂತ ಹೇಳಿ ಕಳಿಸಿದ್ದೆ. ಆ ದಿನ ಬೆಳಿಗ್ಗೆ ನೆಗಡಿ, ಐದಕ್ಕೆ ಇಳಿಯಬೇಕಾಯಿತು. ಪಿಟೀಲಿನವರು ಬಿರಡೆ ತಿರುಗಿಸಿ ಇಳಿಸಿಕೊಂಡರು. ಮೃದಂಗ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ಪಾಪ, ಅವರು ಕಲ್ಲಿನಿಂದ ತಟ್ಟಿ ತಟ್ಟಿ ಇಳಿಸಿದರು. ನಾದ ಮಂಕಾಯಿತು, ಕೃತಿ ಕೃತಿಗೂ ಶ್ರುತಿ ಜರುಗಿತು. ನಾನು ಹಠಕ್ಕೆ ಬಿದ್ದು ಮತ್ತೆ ಐದೂವರೆಗೆ ಏರಿಸಿದೆ. ಕೃತಿಯ ಎರಡನೇ ಭಾಗ ಅನುಪಲ್ಲವಿ, ಅದರ ತಾರಷಡ್ಜದಲ್ಲಿ, ಮೇಲಿನ ‘ಸ’ದಲ್ಲಿ, ಗಂಟಲು ಕೈಕೊಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು ಬಿಸಿನೀರಿನ ಲೋಟ ಇಟ್ಟು ಹೋದರು. ಮೈಕಿದ್ದಿದ್ದರೆ, ದೂರದ ವೇದಿಕೆಯಾಗಿದ್ದರೆ ಯಾರು ಬರುತ್ತಿದ್ದರು?

ಆದ್ದರಿಂದ ನೆಗಡಿಯಾದ ದಿನವೂ ನಿಲ್ಲುವ ಶ್ರುತಿಯನ್ನೇ ಹೇಳು. ಊಟ ಎರಡು ಗಂಟೆ ಮುಂಚೆ ಮುಗಿಸು. ಆತಿಥೇಯರು ‘ಒಂದು ಚೂರು ಕೇಸರಿಬಾತ್’ ಅಂತಾರೆ. ಮಂಗಳ ಆದ ಮೇಲೆ ತಿನ್ನು.