ಹಲಸಿನ ಬಾಗಿಲಿನ ಡಲ್ಸಿಮರ್

ಹೋದ ತಿಂಗಳು ಮರದ ಅಂಟುಗಳ ಬಗ್ಗೆ ಬರೆಯುವಾಗ, ಗುಜರಿ ಮರದಲ್ಲಿ ನಾನೇ ಮಾಡಿಕೊಂಡ ಡಲ್ಸಿಮರ್ ಎಂಬ ತಂತಿವಾದ್ಯದ ಮಾತನ್ನು ಒಂದೇ ಸಾಲಿನಲ್ಲಿ ಹೇಳಿದ್ದೆ. ಆ ಸಾಲಿಗೇ ಪತ್ರಗಳು ಬಂದಿವೆ. ಅಂಟಿನ ಬಗ್ಗೆ ಒಬ್ಬರೂ ಕೇಳಿಲ್ಲ! ಮೂರು ಪತ್ರಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಮಗಳು ಅಮೆರಿಕದ ಆ್ಯಶ್‌ವಿಲ್‌ನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಸಂತೆಯಲ್ಲಿ ಒಬ್ಬ ಅಜ್ಜಿ ತೊಡೆಯ ಮೇಲೆ ಉದ್ದನೆಯ ಪೆಟ್ಟಿಗೆ ಇಟ್ಟುಕೊಂಡು ಮೀಟುತ್ತಿದ್ದರು. ಡಲ್ಸಿಮರ್ ಅಂದರು. ಊರಿಗೆ ಬಂದು ಹುಡುಕಿದರೆ ಸಂತೂರಿನಂಥ ಚಿತ್ರ ಬರುತ್ತದೆ. ಯಾವುದು ನಿಜ? ಮನೆ ರಿಪೇರಿಯಲ್ಲಿ ಉಳಿದ ಹಲಸಿನ ಬಾಗಿಲು, ತೇಗದ ರೀಪು, ಪ್ಲೈವುಡ್ ಚೂರು ಅಟ್ಟದ ಮೇಲಿವೆ. ನನಗೆ ಮರಗೆಲಸ ಅಷ್ಟಕ್ಕಷ್ಟೆ. ಆಗುತ್ತಾ? — ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಉತ್ತರ: ಆಗುತ್ತೆ ಸಾರ್. ಮರಗೆಲಸ ಅಷ್ಟಕ್ಕಷ್ಟೆ ಇದ್ದವರೂ ಮಾಡಿಕೊಂಡು ಬಂದ ವಾದ್ಯ ಇದು.

ಹೆಸರಿನ ಗೊಂದಲ ನನಗೂ ಆಗಿತ್ತು. ಸಂತೂರಿನ ಹಾಗೆ ಕೋಲಿನಿಂದ ಬಡಿಯುವ ಡಲ್ಸಿಮರ್ ಒಂದಿದೆ. ನೀವು ನೋಡಿದ್ದು ಅದಲ್ಲ, ಅಮೆರಿಕದ ಪೂರ್ವಭಾಗದ ಅಪಲಾಚಿಯನ್ ಬೆಟ್ಟಗಳ ಡಲ್ಸಿಮರ್. ಹೆಸರು ಒಂದೇ, ಆದರೆ ನೆಂಟಸ್ತನ ಇಲ್ಲ. ಜರ್ಮನಿಯಿಂದ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದವರ ಹತ್ತಿರ ಶೈಟ್‌ಹೋಲ್ಟ್ ಎಂಬ ಸಣಕಲು ತಂತಿಪೆಟ್ಟಿಗೆ ಇತ್ತು. ಅದೇ ಇದರ ಹಿರಿಯ. ಬೆಟ್ಟದ ಜನ ಅದಕ್ಕೆ ಅಗಲವಾದ ಹೊಟ್ಟೆ ಕೊಟ್ಟರು. ಹೊರಗಿನವರಿಗೆ ಇದನ್ನು ಪರಿಚಯ ಮಾಡಿದವರಲ್ಲಿ ದೊಡ್ಡ ಹೆಸರು ಜೀನ್ ರಿಚೀ (1922–2015) ಅವರದು. ಕೆಂಟಕಿಯ ವೈಪರ್ ಎಂಬ ಹಳ್ಳಿಯವರು, 14 ಮಕ್ಕಳಲ್ಲಿ ಕೊನೆಯವರು. 1940ರ ದಶಕದಲ್ಲಿ ನ್ಯೂಯಾರ್ಕಿಗೆ ಹೋದಾಗ ಮನೆಯ ಹಾಡುಗಳ ಜೊತೆ ಈ ವಾದ್ಯವನ್ನೂ ಒಯ್ದರು.

ಸರಿ, ಈಗ ನಿಮ್ಮ ಅಟ್ಟಕ್ಕೆ ಬರೋಣ. ಹಲಸು ವೀಣೆಗೆ ಬಳಸುವ ಮರ. ಹಳೇ ಬಾಗಿಲು ಅಂದರೆ ಎಷ್ಟೋ ಮಳೆಗಾಲ ಕಂಡು, ಒಣಗಿ, ಸುಮ್ಮನಾಗಿರುವ ಮರ. ಇನ್ನು ಸೊಟ್ಟಗಾಗುವ ಭಯ ಕಡಿಮೆ. ಸಾಮಿಲ್‌ನಲ್ಲಿ ಕೊಟ್ಟು 8 ಮಿ.ಮೀ. ದಪ್ಪ, 45 ಮಿ.ಮೀ. ಎತ್ತರದ ಪಟ್ಟಿ ಸೀಳಿಸಿ. ಹಳೇ ಮೊಳೆ ಇದ್ದರೆ ಮೊದಲೇ ಕಿತ್ತುಬಿಡಿ, ಇಲ್ಲದಿದ್ದರೆ ಸಾಮಿಲ್‌ನವರ ಬೈಗುಳ ಗ್ಯಾರಂಟಿ. ಆ ಪಟ್ಟಿಗಳಿಂದ ಸುಮಾರು 700 ಮಿ.ಮೀ. ಉದ್ದ, 150 ಮಿ.ಮೀ. ಅಗಲದ ಚೌಕಟ್ಟು ಮಾಡಿ. ಅಡಿಗೂ ಮೇಲಕ್ಕೂ 3 ಅಥವಾ 4 ಮಿ.ಮೀ. ಪ್ಲೈವುಡ್ ಸಾಕು. ಅಂಗಡಿಯ ಡಲ್ಸಿಮರ್‌ಗೆ ನಡು ಸಣ್ಣಗಿರುತ್ತೆ. ಆ ಅಂದಕ್ಕೆ ಈಗ ಹೋಗಬೇಡಿ, ಪೆನ್ಸಿಲ್ ಬಾಕ್ಸಿನ ಹಾಗೆ ನೆಟ್ಟಗೇ ಇರಲಿ.

ಇಷ್ಟು ತೆಳು ಪ್ಲೈವುಡ್ ತಂತಿಯ ಬಿಗಿ ತಡೆಯುತ್ತಾ ಅಂತ ಅನುಮಾನ ಬರಬಹುದು. ಬಿಗಿಯನ್ನು ತಡೆಯುವುದು ಮೇಲಿನ ಪ್ಲೈವುಡ್ಡಿನ ನಡುವೆ ಉದ್ದಕ್ಕೂ ಅಂಟಿಸುವ ತೇಗದ ರೀಪು. 36 ಮಿ.ಮೀ. ಅಗಲ, 18 ಮಿ.ಮೀ. ಎತ್ತರ ಇರಲಿ. ಅಂಟಿಸುವ ಮೊದಲು ಅದರ ಹೊಟ್ಟೆಯನ್ನು ಉಳಿಯಿಂದ ತೋಡಿ ಟೊಳ್ಳು ಮಾಡಿ, ಪೆಟ್ಟಿಗೆಯ ದನಿ ಬಿಚ್ಚಿಕೊಳ್ಳುತ್ತದೆ. ನಾನು ಸೋಮಾರಿತನಕ್ಕೆ ತೋಡದೆ ಅಂಟಿಸಿದ್ದೆ. ನೆಗಡಿಯಾದವರು ಹಾಡಿದ ಹಾಗಿತ್ತು.

ಇಲ್ಲಿಯವರೆಗೆ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಆದರೂ ನಡೆಯುತ್ತೆ. ಆ ರೀಪಿನ ಮೇಲೆ ಮೆಟ್ಟು (ಸ್ವರಕ್ಕಾಗಿ ತಂತಿ ಒತ್ತುವ ಅಡ್ಡಪಟ್ಟಿ, ಗಿಟಾರಿನ ಫ್ರೆಟ್) ಹಾಕುವಾಗ ಮಾತ್ರ ನಡೆಯಲ್ಲ. ನಿಮ್ಮ ತಾಳ್ಮೆಯನ್ನೆಲ್ಲ ಅದಕ್ಕೇ ಎತ್ತಿಡಿ.

ವೀಣೆಯಲ್ಲಿ 24 ಮೆಟ್ಟು, ಎರಡು ಸ್ಥಾಯಿಯ ಎಲ್ಲ ಸ್ವರಸ್ಥಾನಕ್ಕೂ ಒಂದೊಂದು. ಡಲ್ಸಿಮರ್‌ನಲ್ಲಿ ಬೇಕೆಂದೇ ಕೆಲವನ್ನು ಬಿಟ್ಟಿರುತ್ತಾರೆ. ಅದಕ್ಕೇ ಮಕ್ಕಳೂ ಬೇಗ ಕಲಿಯುತ್ತಾರೆ, ಅಪಸ್ವರಕ್ಕೆ ಜಾಗವೇ ಇಲ್ಲವಲ್ಲ! ತಲೆಯ ಕಡೆ ತಂತಿ ಕೂರುವ ಪಟ್ಟಿಯಿಂದ (ಗಿಟಾರಿನವರು ನಟ್ ಎನ್ನುತ್ತಾರೆ) ಇನ್ನೊಂದು ತುದಿಯಲ್ಲಿ ತಂತಿಯನ್ನು ಎತ್ತಿ ಹಿಡಿಯುವ ಮರದ ತುಂಡಿನವರೆಗೆ, ಅಂದರೆ ಕುದುರೆಯವರೆಗೆ, 600 ಮಿ.ಮೀ. ಇಟ್ಟುಕೊಳ್ಳಿ. ಆಗ ಮೆಟ್ಟುಗಳು ನಟ್‌ನಿಂದ 65.5, 123.8, 150.5, 199.5, 243.2, 263.3, 300, 332.7, 361.9, 375.3 ಮಿ.ಮೀ. ದೂರಕ್ಕೆ ಬರುತ್ತವೆ. ಮೇಲಿನ ಷಡ್ಜ 300ರಲ್ಲಿ, ಸರಿಯಾಗಿ ಅರ್ಧಕ್ಕೆ.

ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ನಾನು ಮೊದಲನೇ ಸಲ ಒಂದು ಮೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತಾ ಹೋದೆ. ಪ್ರತಿ ಸಲ ಪೆನ್ಸಿಲ್ ಗೆರೆಯಷ್ಟು ತಪ್ಪು. ಏಳನೇ ಮೆಟ್ಟಿಗೆ ಬರುವಷ್ಟರಲ್ಲಿ 4 ಮಿ.ಮೀ. ಸೇರಿಕೊಂಡಿತ್ತು. ನನ್ನಾಕೆ ವೀಣೆ ಕಲಿತವಳು. ಅಡುಗೆಮನೆಯಿಂದಲೇ, "ರೀ, ಮೇಲಿನ ಸ ಎಲ್ಲಿಗೋ ಹೋಗಿದೆ, ಹುಡುಕಿ" ಅಂದಳು. ಇಡೀ ರೀಪು ಒಲೆಗೆ ಹೋಯಿತು.

ಮೆಟ್ಟಿಗೆ ಸೈಕಲ್ ಕಡ್ಡಿ ಚೆನ್ನಾಗಿರುತ್ತೆ. 15 ಮಿ.ಮೀ. ತುಂಡುಗಳಾಗಿ ಕತ್ತರಿಸಿ. ಆಕ್ಸಾ ಬ್ಲೇಡಿನಿಂದ ಗೀರು ಹಾಕಿ, ಮುಮ್ಮೂಲೆ ಅರದಿಂದ ಸ್ವಲ್ಪ ಅಗಲ ಮಾಡಿ, ಕಡ್ಡಿ ಅರ್ಧ ಮುಳುಗುವ ಹಾಗೆ ಕೂರಿಸಿ ಫೆವಿಕ್ವಿಕ್ ಬಿಡಿ. 15 ಮಿ.ಮೀ. ಯಾಕೆ ಅಂದರೆ, ಮೆಟ್ಟು ಬೇಕಿರುವುದು ನಿಮ್ಮ ಕಡೆಗಿರುವ ಒಂದು ತಂತಿಗೆ ಮಾತ್ರ. ಹಳೇ ಕಾಲದ ಡಲ್ಸಿಮರ್‌ಗಳಲ್ಲೂ ಹಾಗೇ, ತಂತಿಯನ್ನು ಸ್ಟೇಪಲ್ ಪಿನ್ನಿನಂತೆ ಬಗ್ಗಿಸಿ ಆ ಒಂದರ ಕೆಳಗಷ್ಟೇ ಹೊಡೆಯುತ್ತಿದ್ದರು. ಉಳಿದೆರಡು ತಂತಿಗಳನ್ನು ಒತ್ತುವುದೇ ಇಲ್ಲ. ಅವು ಶ್ರುತಿ. ಹಾಡೂ ತಂಬೂರಿಯೂ ಒಂದೇ ಪೆಟ್ಟಿಗೆಯಲ್ಲಿ, ಅಲ್ವಾ?

ತಂತಿಗೆ ಒಂದು ಸೆಟ್ ಗಿಟಾರ್ ತಂತಿ ತನ್ನಿ. ಬೇಕಾದ್ದು ಮೂರೇ. ಒಂದನೆಯದನ್ನು ಇ ಇಂದ ಡಿಗೆ (ಇವು ಪಾಶ್ಚಾತ್ಯ ಸ್ವರಗಳ ಹೆಸರು), ಎರಡನೆಯದನ್ನು ಬಿ ಇಂದ ಎಗೆ ಇಳಿಸಿ. ನಾಲ್ಕನೆಯದು ಹೇಗೂ ಡಿಯಲ್ಲೇ ಇರುತ್ತೆ. ಮಂದ್ರ ಸ, ಪ, ಸ ಸಿಕ್ಕಿತು. ತೆಳ್ಳನೆಯದು ನಿಮ್ಮ ಕಡೆಗೆ ಬರಲಿ. ತಂತಿ ಬಿಗಿಸುವ ಬಿರಡೆಗಳನ್ನು ಮಾತ್ರ ಮರದಲ್ಲಿ ಕೆತ್ತಲು ಹೋಗಬೇಡಿ, ಜಾರುತ್ತವೆ. ಮುರಿದ ಗಿಟಾರಿನ ಒಂದು ಬದಿಯ ಮೂರು ಕೀ ಕೇಳಿ ತನ್ನಿ.

ಕುದುರೆಗೆ ಬೀಟೆ ಅಥವಾ ಹುಣಸೆ ಮರದ ಚೂರು ಆಗುತ್ತೆ. ಅಂಟಿಸಬೇಡಿ, ತಂತಿಯ ಬಿಗಿಯೇ ಅದನ್ನು ಹಿಡಿದುಕೊಳ್ಳುತ್ತದೆ. ಏಳನೇ ಮೆಟ್ಟಿನ ಮೇಲೆ ತಂತಿಯನ್ನು ಬೆರಳಿನಿಂದ ಸುಮ್ನೆ ಮುಟ್ಟಿ ಮೀಟಿ, ಗಂಟೆಯಂಥ ದನಿ ಬರುತ್ತದೆ. ಆಮೇಲೆ ಅಲ್ಲೇ ಒತ್ತಿ ಮೀಟಿ. ಒತ್ತಿದ ದನಿ ಏರಿ ಕೇಳಿದರೆ ಕುದುರೆಯನ್ನು ನಟ್‌ನಿಂದ ಕೂದಲೆಳೆಯಷ್ಟು ದೂರ ಸರಿಸಿ. ಎರಡೂ ಒಂದಾಗುವವರೆಗೆ ಇದೇ ಕೆಲಸ. ನನಗೆ ಒಂದು ಭಾನುವಾರ ಹಿಡಿಯಿತು.

ನುಡಿಸುವಾಗ ಎಡಗೈಯಲ್ಲಿ ಬೆರಳುದ್ದದ ಬಿದಿರು ಕಡ್ಡಿ ಹಿಡಿದು ಮೆಟ್ಟಿನ ತಂತಿಯ ಮೇಲೆ ಒತ್ತಿ ಓಡಿಸಿ. ಬಲಗೈಯಲ್ಲಿ ಮೂರನ್ನೂ ಒಟ್ಟಿಗೆ ಮೀಟಿ. ಬೆಟ್ಟದವರು ಇದಕ್ಕೆ ಹೆಬ್ಬಾತಿನ ಗರಿ ಬಳಸುತ್ತಿದ್ದರು. ನಾನು ಅವಧಿ ಮುಗಿದ ಎಟಿಎಂ ಕಾರ್ಡ್ ಕತ್ತರಿಸಿಕೊಂಡಿದ್ದೇನೆ. ಬ್ಯಾಂಕಿನವರಾದ ನಿಮಗೆ ಅದಕ್ಕೇನು ಕೊರತೆ!

ಪ್ರಶ್ನೆ: ಮಗಳು ವೀಣೆ ಕಲಿಯಲು ಶುರು ಮಾಡಿದ್ದಾಳೆ. ವೀಣೆ ಕೊಳ್ಳುವವರೆಗೆ ಮನೆಯಲ್ಲಿ ಡಲ್ಸಿಮರ್ ಮೇಲೆ ಸರಳೆ ವರಸೆ ಅಭ್ಯಾಸ ಮಾಡಬಹುದಾ? — ಗೃಹಿಣಿ, ಮೈಸೂರು

ಉತ್ತರ: ಇಲ್ಲಮ್ಮ, ಆಗಲ್ಲ. ಸರಳೆ ವರಸೆ, ಅಂದರೆ ಶುರುವಿನ ಸ್ವರಾಭ್ಯಾಸ, ಮಾಯಾಮಾಳವಗೌಳ ರಾಗದಲ್ಲಿದೆ. ಅದರ ಶುದ್ಧ ರಿಷಭ, ಶುದ್ಧ ಧೈವತಕ್ಕೆ ಇಲ್ಲಿ ಮೆಟ್ಟೇ ಇಲ್ಲ. ಎಲ್ಲೂ ಒತ್ತದ ಬಿಡಿ ತಂತಿಯನ್ನು ಸ ಅಂದುಕೊಂಡು ಒಂದೊಂದೇ ಮೆಟ್ಟು ಏರಿದರೆ ಬರುವುದು ಹರಿಕಾಂಬೋಜಿ ರಾಗ. ಈಗಿನವರು 282.2 ಮಿ.ಮೀ.ನಲ್ಲಿ ಒಂದು ಮೆಟ್ಟು ಹೆಚ್ಚಿಗೆ ಹಾಕಿ 'ಆರೂವರೆ' ಅಂತ ಕರೆಯುತ್ತಾರೆ. ಅದಿದ್ದರೆ ಕಾಕಲಿ ನಿಷಾದ ಸಿಕ್ಕಿ ಶಂಕರಾಭರಣವೂ ಆಯಿತು. ಮೋಹನ ಅಂತೂ ಸಲೀಸು. 33.7 ಮತ್ತು 222 ಮಿ.ಮೀ.ನಲ್ಲಿ ಇನ್ನೆರಡು ಹಾಕಿದರೆ ಮಾಯಾಮಾಳವಗೌಳವನ್ನೂ ಎಳೆದು ತರಬಹುದು. ಆದರೂ ಬೇಡ ಅಂತೀನಿ. ವೀಣೆಯಲ್ಲಿ ತಂತಿ ಎಳೆದು ಗಮಕ ತರುವುದನ್ನು ಕಡ್ಡಿ ಒತ್ತುವ ಕೈ ಕಲಿಯುವುದಿಲ್ಲ. ಒಂದು ವೀಣೆ ಬಾಡಿಗೆಗೆ ಸಿಗುತ್ತಾ ಅಂತ ಗುರುಗಳನ್ನು ಕೇಳಿ.

ಮಗಳಿಗೆ ಒಂದು ಆಟ ಹೇಳಿಕೊಡಿ. ಅದೇ ತಂತಿಯಲ್ಲಿ, ಆರೂವರೆಯನ್ನು ಬಿಟ್ಟು, ಮೂರನೇ ಮೆಟ್ಟನ್ನು ಸ ಅಂದುಕೊಂಡರೆ ಶಂಕರಾಭರಣ, ನಾಲ್ಕನೆಯದನ್ನು ಅಂದುಕೊಂಡರೆ ಖರಹರಪ್ರಿಯ, ಒಂದನೆಯದಾದರೆ ನಠಭೈರವಿ. ಹೀಗೆ ಸ ಜಾಗ ಬದಲಿಸಿ ಬೇರೆ ರಾಗ ತರುವ ಗ್ರಹಭೇದ ಅನ್ನುವುದನ್ನು ಮುಂದೆ ಗುರುಗಳು ಹೇಳುವಾಗ ಅವಳ ಬೆರಳಿಗೆ ಮೊದಲೇ ಗೊತ್ತಿರುತ್ತದೆ. ಬೆಟ್ಟದವರೂ ಹಾಡಿಗೆ ತಕ್ಕಂತೆ ಆ ಒಂದು ತಂತಿಯ ಶ್ರುತಿ ಬದಲಿಸಿಕೊಂಡು ಇದನ್ನೇ ಮಾಡುತ್ತಾರೆ.

ಪ್ರಶ್ನೆ: ನಿಮ್ಮ ಸಾಲು ಓದಿ ಹುರುಪಿನಲ್ಲಿ ಪ್ಯಾಕಿಂಗ್ ಪೆಟ್ಟಿಗೆಯ ಮರದಲ್ಲಿ ಒಂದು ಮಾಡಿಯೇ ಬಿಟ್ಟೆ. ಮೀಟಿದರೆ ಝೀ ಝೀ ಅನ್ನುತ್ತಿದೆ. — ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಶಹಬ್ಬಾಸ್! ಒಂದು ಉಕ್ಕಿನ ಸ್ಕೇಲನ್ನು ಮೆಟ್ಟುಗಳ ಮೇಲೆ ಉದ್ದಕ್ಕೆ ಇಡಿ. ಯಾವ ಮೆಟ್ಟಿನ ಮೇಲೆ ಅದು ತಕ್ಕಡಿಯ ಹಾಗೆ ಓಲಾಡುತ್ತದೋ ಅದೇ ಕಳ್ಳ. ಅರದಿಂದ ನಯವಾಗಿ ಉಜ್ಜಿ. ಎಲ್ಲ ಮೆಟ್ಟಿನಲ್ಲೂ ಝೀ ಅಂದರೆ ತಂತಿ ತೀರಾ ತಗ್ಗಿದೆ ಅಂತ. ಏಳನೇ ಮೆಟ್ಟಿನ ಹತ್ತಿರ 3 ಮಿ.ಮೀ. ಎತ್ತರ ಬರುವ ಹಾಗೆ ಕುದುರೆಯ ಕೆಳಗೆ ತೆಳು ಮರದ ಚೂರು ಕೊಡಿ. ಅದೂ ಅಲ್ಲದಿದ್ದರೆ ಪೆಟ್ಟಿಗೆಯ ಸುತ್ತ ಬೆರಳಿನಿಂದ ತಟ್ಟುತ್ತಾ ಹೋಗಿ, ಅಂಟು ಬಿಟ್ಟ ಕಡೆ ದನಿ ಬೇರೆ ಬರುತ್ತದೆ.

ಇದನ್ನೆಲ್ಲ ಬಿಚ್ಚುವ ಮೊದಲು ಬಿರಡೆಗಳ ಕಡೆ ಒಮ್ಮೆ ನೋಡಿ. ನನ್ನದು ಎರಡು ದಿನ ಝೀ ಅಂದದ್ದು ಅಲ್ಲಿ ಕತ್ತರಿಸದೆ ಜೋತುಬಿಟ್ಟಿದ್ದ ಒಂದಿಂಚು ತಂತಿಯಿಂದ. ಅಷ್ಟರಲ್ಲಿ ನಾನು ಕುದುರೆಯನ್ನು ಮೂರು ಸಲ ಹೊಸದಾಗಿ ಕೆತ್ತಿದ್ದೆ.