ಲ್ಯಾಟಿನೋ ಕುಟುಂಬಗಳ ವಿಶ್ವಾಸ ಗಳಿಸುವುದು ಹೇಗೆ? ಎಲ್ಲದಕ್ಕೂ ‘ಸಿ’ (ಸ್ಪ್ಯಾನಿಷ್‌ನಲ್ಲಿ ‘ಹೌದು’) ಅನ್ನುತ್ತಾರೆ, ಮುಂದಿನ ವಾರ ಸಿಗುವುದೇ ಇಲ್ಲ

ಟೆಕ್ಸಸ್‌ನಲ್ಲಿ, ಬೆಳವಣಿಗೆ ತಡವಾದ ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೇ ಹೋಗಿ ಥೆರಪಿ ಕೊಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ, ಹೋಗುವ ಮನೆಗಳು ಹೆಚ್ಚಾಗಿ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯವರದು ಎಂದು ಬರೆದಿದ್ದೀರಿ. ಅದನ್ನೇ ಇಟ್ಟುಕೊಂಡು ಉತ್ತರಿಸುತ್ತೇನೆ.

ಆ ‘ಸಿ’ಯನ್ನು ಒಪ್ಪಿಗೆ ಎಂದು ಫೈಲಿನಲ್ಲಿ ಬರೆದುಕೊಳ್ಳಬೇಡಿ. ಓದಿದವರು, ಅದರಲ್ಲೂ ಮನೆಗೆ ಬಂದವರು ಹೇಳುವಾಗ ಎದುರು ಮಾತಾಡಬಾರದೆಂಬ ಸಂಸ್ಕಾರ ಅದು. ನಮ್ಮ ಹಳ್ಳಿಗಳಲ್ಲಿ ಡಾಕ್ಟರ ಮುಂದೆ ಹೂಂಗುಟ್ಟುವುದಿಲ್ಲವೇ, ಹಾಗೆ. ‘ಅರ್ಥವಾಯಿತೇ?’ ಎಂದು ಕೇಳಿದರೆ ಯಾವಾಗಲೂ ಹೌದು ಎಂದೇ ಬರುತ್ತದೆ. ಬದಲಿಗೆ, ‘ರಾತ್ರಿ ಯಜಮಾನರು ಕೇಳಿದರೆ ಇದನ್ನು ಅವರಿಗೆ ಹೇಗೆ ಹೇಳುತ್ತೀರಿ?’ ಎಂದು ಕೇಳಿ. ಎಲ್ಲಿ ತಪ್ಪಿತು ಅನ್ನುವುದು ಅವರ ಮಾತಿನಲ್ಲೇ ಗೊತ್ತಾಗುತ್ತದೆ. ‘ಇದರಲ್ಲಿ ನಿಮ್ಮ ಮನೆಯಲ್ಲಿ ಮಾಡಲಿಕ್ಕಾಗದ್ದು ಯಾವುದು?’ ಎಂದೂ ಕೇಳಿ. ‘ಇಲ್ಲ’ ಎನ್ನಲು ಅವರಿಗೆ ಮರ್ಯಾದೆಯ ದಾರಿಯೊಂದು ಬೇಕು.

ಮೊದಲ ಭೇಟಿಯಲ್ಲಿ ಒಂದು ಗಂಟೆಯಿದ್ದರೆ ಮೊದಲ 15–20 ನಿಮಿಷ ಫಾರ್ಮ್ ತೆಗೆಯಬೇಡಿ. ಅಜ್ಜಿ ಇದ್ದರೆ ಮೊದಲ ನಮಸ್ಕಾರ ಅವರಿಗೆ. ಕೊಟ್ಟ ಕಾಫಿಯನ್ನು ಎರಡು ಗುಟುಕಾದರೂ ಕುಡಿಯಿರಿ. ಮಗುವನ್ನು ಯಾರು ಮಲಗಿಸುತ್ತಾರೆ, ಯಾರು ಉಣಿಸುತ್ತಾರೆ ಎಂದು ವಿಚಾರಿಸಿ. ಆ ಉತ್ತರದಲ್ಲಿ ಬರುವ ಅತ್ತೆ, ಚಿಕ್ಕಮ್ಮ, ‘ಕೊಮಾದ್ರೆ’ (ಮಗುವಿನ ದೀಕ್ಷಾಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವಳು) ಇವರೇ ನಿಮ್ಮ ತಂಡ. ತಾಯಿಯೊಬ್ಬಳಿಗೆ ಹೇಳಿಕೊಟ್ಟು ಬಂದದ್ದು ಅಜ್ಜಿ ಒಪ್ಪದಿದ್ದರೆ ಆ ಸಂಜೆಯೇ ನಿಂತುಹೋಗುತ್ತದೆ.

ಸ್ಪ್ಯಾನಿಷ್‌ನಲ್ಲಿ ‘ಉಸ್ತೆದ್’ ನಮ್ಮ ನೀವು, ‘ತು’ ನಮ್ಮ ನೀನು. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ದೊಡ್ಡವರೊಡನೆ ಉಸ್ತೆದ್‌ನಿಂದಲೇ ಶುರು ಮಾಡಿ, ಅವರಾಗಿಯೇ ಸಲಿಗೆ ಕೊಡುವವರೆಗೆ ಬಿಡಬೇಡಿ. ಹೆಸರಿನಲ್ಲೂ ಎಚ್ಚರ ಬೇಕು. ಮರಿಯಾ ಲೋಪೆಸ್ ಗಾರ್ಸಿಯಾ ಎಂದಿದ್ದರೆ ಲೋಪೆಸ್ ತಂದೆಯ ಕಡೆಯದು, ಗಾರ್ಸಿಯಾ ತಾಯಿಯ ಕಡೆಯದು. ಕಂಪ್ಯೂಟರು ಕೊನೆಯದನ್ನೇ ಮನೆತನದ ಹೆಸರೆಂದು ಹಿಡಿದರೆ ಒಂದೇ ಮಗುವಿಗೆ ಎರಡು ಫೈಲು ಹುಟ್ಟುತ್ತವೆ, ಆಸ್ಪತ್ರೆಯ ವರದಿ ಇನ್ನೊಂದರಲ್ಲಿ ಸೇರಿಹೋಗುತ್ತದೆ. ಎರಡೂ ಹೆಸರನ್ನು ಜನನ ಪತ್ರದಲ್ಲಿರುವಂತೆಯೇ ಬರೆಯಿರಿ.

ಭಾಷೆಯ ವಿಷಯದಲ್ಲಿ ಆಗುವ ದೊಡ್ಡ ತಪ್ಪೆಂದರೆ, ಗ್ವಾಟೆಮಾಲಾದವರು ಅಂದಕೂಡಲೇ ಸ್ಪ್ಯಾನಿಷ್ ದುಭಾಷಿಯನ್ನು ಕರೆಸುವುದು. ಆ ಮನೆಯ ಮಾತು ಅಲ್ಲಿನ ಮೂಲನಿವಾಸಿಗಳ ಮಾಮ್, ಕಿಚೆ ಅಥವಾ ಕಾನ್ಹೋಬಾಲ್ ಇರಬಹುದು. ಮೆಕ್ಸಿಕೊದ ಒವಾಹಾಕಾದವರಾದರೆ ಮಿಶ್ತೆಕ್, ಸಾಪೊತೆಕ್. ಕೀಳಾಗಿ ನೋಡಿಯಾರೆಂದು ಎಷ್ಟೋ ಜನ ಇದನ್ನು ತಾವಾಗಿ ಹೇಳುವುದಿಲ್ಲ. ‘ನಿಮ್ಮ ಅಜ್ಜಿ ಮನೆಯಲ್ಲಿ ಯಾವ ಮಾತಾಡುತ್ತಿದ್ದರು?’ ಎಂದು ಪ್ರೀತಿಯಿಂದ ಕೇಳಿದರೆ ಹೊರಬರುತ್ತದೆ. ಮಕ್ಕಳನ್ನು ದುಭಾಷಿ ಮಾಡಬೇಡಿ. ಹತ್ತು ವರ್ಷದ ಅಕ್ಕನ ಬಾಯಲ್ಲಿ ತಮ್ಮನ ಕಾಯಿಲೆಯ ವಿಷಯ ಹೇಳಿಸುವುದು ಕ್ರೌರ್ಯ. ದುಭಾಷಿ ಇದ್ದಾಗ ತಾಯಿಯ ಮುಖ ನೋಡಿ ಮಾತಾಡಿ, ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ, ಸಮಯ ಎರಡು ಪಟ್ಟು ಇಟ್ಟುಕೊಳ್ಳಿ. ಬರೆದುಕೊಡುವಾಗಲೂ ಜೋಪಾನ: ದಿನಕ್ಕೆ ಒಮ್ಮೆ ಎನ್ನಲು ಇಂಗ್ಲಿಷಿನಲ್ಲಿ ‘ಒನ್ಸ್’ ಎಂದು ಬರೆದರೆ, ಅದೇ ನಾಲ್ಕು ಅಕ್ಷರಗಳನ್ನು ಸ್ಪ್ಯಾನಿಷ್‌ನವರು ‘ಓನ್ಸೆ’ ಎಂದು ಓದುತ್ತಾರೆ. ಅಂದರೆ 11. ಔಷಧಿಯ ಚೀಟಿಯಲ್ಲಿ ಇದು ಪ್ರಾಣಕ್ಕೇ ಕುತ್ತು. ಅಂಕಿ ಬರೆಯಿರಿ. ಓದು ಬಾರದ ಮನೆಗೆ ಕರಪತ್ರಕ್ಕಿಂತ ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶವೇ ವಾಸಿ.

ಇನ್ನೊಂದು ಮಾತು ಖಂಡಿತವಾಗಿ ಹೇಳಬೇಕು. ಮಗು ಮಾತಾಡುವುದು ತಡವಾಗಿದೆ ಎಂದು ‘ಸ್ಪ್ಯಾನಿಷ್ ಬಿಟ್ಟು ಇಂಗ್ಲಿಷ್ ಮಾತ್ರ ಆಡಿ’ ಎನ್ನಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ದೋಷ ಬರುವುದಿಲ್ಲ. ಪದಗಳನ್ನು ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಿ ಎಣಿಸಿ. ಅಜ್ಜಿಯ ಭಾಷೆ ಕಿತ್ತುಕೊಂಡರೆ ದಿನವಿಡೀ ಮಗುವಿನೊಡನೆ ಮಾತಾಡುವವರೇ ಇಲ್ಲದಂತಾಗುತ್ತದೆ.

ಆಟಿಕೆಗಳ ಚೀಲ ಹೊತ್ತು ಹೋಗುವುದನ್ನೂ ಬಿಡಿ. ನೀವು ಎದ್ದಾಗ ಚೀಲದ ಜೊತೆ ಅಭ್ಯಾಸವೂ ಎದ್ದುಹೋಗುತ್ತದೆ. ಅಡುಗೆಮನೆ ನೋಡಿ. ತೋರ್ತಿಯಾ ರೊಟ್ಟಿಗೆಂದು ನಾದಿಟ್ಟ ಮೆಕ್ಕೆಜೋಳದ ಹಿಟ್ಟು, ಅಂದರೆ ‘ಮಾಸಾ’, ಇದ್ದೇ ಇರುತ್ತದೆ. ನಿಂಬೆಹಣ್ಣಿನಷ್ಟು ಉಂಡೆಯನ್ನು ಮಗುವಿನ ಅಂಗೈಗೆ ಕೊಡಿ. ಹಿಸುಕುವುದು, ಎರಡೂ ಅಂಗೈ ನಡುವೆ ತಟ್ಟುವುದು, ಹೆಬ್ಬೆರಳು ತೋರುಬೆರಳಿನಿಂದ ಚಿವುಟುವುದು: ಕೈಯ ಸ್ನಾಯುಗಳಿಗೆ ಬೇಕಾದದ್ದೆಲ್ಲ ಅಲ್ಲಿದೆ, ದಿನವೂ ನಡೆಯುತ್ತದೆ, ಕಲಿಸುವವಳು ಅಜ್ಜಿ. ಬಿಸಿ ಹೆಂಚು ಮಾತ್ರ ದೂರವಿರಲಿ. ಬೀನ್ಸ್ ಕಾಳು ಹೆಕ್ಕಿಸುವ ಆಟ ಬೇಡ, ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಬಾಗಿಲು ತೆರೆಯದಿದ್ದರೆ ಉದಾಸೀನ ಎಂದು ತೀರ್ಮಾನಿಸುವ ಮೊದಲು ಎರಡು ಕಾರಣ ನೋಡಿ. ಒಂದು ದುಡಿಮೆ: ದಿನಗೂಲಿಯವರಿಗೆ ನಿಮಗಾಗಿ ಮನೆಯಲ್ಲಿ ಉಳಿದರೆ ಆ ದಿನದ ಸಂಬಳವಿಲ್ಲ. ವಾರದಲ್ಲಿ ಒಂದಾದರೂ ಸಂಜೆಯ ಅಥವಾ ಶನಿವಾರದ ಹೊತ್ತು ಇಟ್ಟುಕೊಳ್ಳಿ. ಎರಡನೆಯದು ಭಯ. ಕೊರಳಲ್ಲಿ ಗುರುತಿನ ಪಟ್ಟಿ, ಕೈಯಲ್ಲಿ ಫೈಲು ಹಿಡಿದು ಬಂದ ಅಪರಿಚಿತರು ವಲಸೆ ಅಧಿಕಾರಿಗಳಂತೆ ಕಾಣುತ್ತಾರೆ. ಹಿಂದಿನ ಸಂಜೆ ಹೆಸರು ಹೇಳಿ ಸಂದೇಶ ಕಳಿಸಿ. ಪೌರತ್ವದ ವಿಷಯ ಕೇಳಬೇಡಿ, ಅವರಾಗಿ ಹೇಳಿದರೂ ಟಿಪ್ಪಣಿಯಲ್ಲಿ ಬರೆಯಬೇಡಿ. ಫಾರ್ಮಿನಲ್ಲಿ ಯಾವ ಖಾನೆ ಖಾಲಿ ಬಿಡಬಹುದು ಎಂದು ಮೊದಲೇ ತೋರಿಸಿ. ‘ನಿಮಗೇನೂ ಆಗುವುದಿಲ್ಲ’ ಎಂಬ ಭರವಸೆ ಮಾತ್ರ ಕೊಡಬೇಡಿ, ಅದು ನಿಮ್ಮ ಕೈಯಲ್ಲಿಲ್ಲ. (ಸ್ಪ್ಯಾನಿಷ್ ಆಡುವ ಪೋರ್ಟೊ ರಿಕೊ ದ್ವೀಪದವರು 1917ರಿಂದಲೇ ಅಮೆರಿಕದ ಪ್ರಜೆಗಳು. ಅವರ ಬಳಿ ಕಾಗದಪತ್ರದ ಮಾತೆತ್ತಿದರೆ ಅವಮಾನ.)

ಸಿಬ್ಬಂದಿ ಬದಲಾದಾಗ ಕಟ್ಟಿದ್ದೆಲ್ಲ ಕುಸಿಯುತ್ತದೆ. ಹೋಗುವವರು ಬರುವವರನ್ನು ಕರೆದುಕೊಂಡು ಎರಡು ಸಲವಾದರೂ ಒಟ್ಟಿಗೆ ಆ ಮನೆಗೆ ಹೋಗಬೇಕು. ಹಾಗೆಯೇ ಮಗುವಿಗೆ ಮೂರು ತುಂಬುವಾಗ ನಿಮ್ಮ ಸೇವೆ ಮುಗಿಯುತ್ತದೆ. ಮುಂದಿನ ವ್ಯವಸ್ಥೆಯ ಬಗ್ಗೆ ಶಾಲೆಯವರೊಡನೆ ನಡೆಯುವ ಸಭೆ ಹುಟ್ಟುಹಬ್ಬಕ್ಕೆ ಕನಿಷ್ಠ 90 ದಿನ ಮೊದಲೇ ಆಗಬೇಕು. ವಲಸೆಯ ಕಾಗದವಿಲ್ಲವೆಂದು ಸರ್ಕಾರಿ ಶಾಲೆ ಮಕ್ಕಳನ್ನು ಹೊರಗಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿರುವುದನ್ನು ಅದಕ್ಕೂ ಮುಂಚೆ ತಾಯಿಗೆ ತಿಳಿಸಿ. ಶಾಲೆಯವರನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಅವಳ ಧ್ವನಿಯಲ್ಲೇ ಅವಳ ಫೋನಿಗೆ ರೆಕಾರ್ಡ್ ಮಾಡಿಸಿ. ಸಾಧ್ಯವಾದರೆ ಆ ದಿನ ಅವಳ ಪಕ್ಕದ ಕುರ್ಚಿಯಲ್ಲಿ ನೀವೂ ಕೂತಿರಿ.